ಶಾತೋ ಫೋಂಪಿನೋ ಎಕ್ಸ್‌ಒ: ಒಂದೇ ತೋಟದಲ್ಲಿ ಹುಟ್ಟಿ ಬೆಳೆದ ಬ್ರಾಂದಿ

ಕೊಡಗಿನವರಿಗೆ ಬ್ರಾಂದಿಯ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಆದರೆ ಕಕ್ಕಡ ತಿಂಗಳ ಮಳೆಚಳಿಯಲ್ಲಿ ಬಿಸಿನೀರು ಬೆರೆಸಿ ನಾವು ಕುಡಿಯುವ ಅಗ್ಗದ ಬ್ರಾಂದಿಗಳಲ್ಲಿ ಹೆಚ್ಚಿನವಕ್ಕೆ ಕಾಕಂಬಿಯ ಮದ್ಯಸಾರವೇ ಆಧಾರ. ದ್ರಾಕ್ಷಿಯ ಪಾಲು ಹೆಸರಿಗಷ್ಟೇ. ಆದ್ದರಿಂದ ವಿದೇಶದಲ್ಲಿರುವ ನೆಂಟರೊಬ್ಬರು ವಿಮಾನ ನಿಲ್ದಾಣದಲ್ಲಿ ಕೊಂಡು ತಂದ, ಫ್ರಾನ್ಸಿನ ಕೊನ್ಯಾಕ್ (ದ್ರಾಕ್ಷಿ ವೈನಿನಿಂದ ಇಳಿಸಿದ ಬ್ರಾಂದಿ) ತಯಾರಿಸುವ ಫ್ರಾಪಿನ್ ಮನೆತನದ ‘ಶಾತೋ ಫೋಂಪಿನೋ ಎಕ್ಸ್‌ಒ’ ಬಾಟಲಿಯನ್ನು ತೆರೆದಾಗ, ರುಚಿಯಷ್ಟೇ ಅದರ ಹಿನ್ನೆಲೆಯನ್ನೂ ವಿಚಾರಿಸಬೇಕೆನಿಸಿತು.

ಈ ಮನೆತನ ತನ್ನ ಚರಿತ್ರೆಯನ್ನು 1270ರಿಂದ ಲೆಕ್ಕ ಹಾಕುತ್ತದೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು: ಅದು ಫ್ರಾನ್ಸಿನ ಶರಾಂತ್ ಸೀಮೆಯಲ್ಲಿ ಅವರು ದ್ರಾಕ್ಷಿ ಬೆಳೆಯಲು ನೆಲೆಸಿದ ವರ್ಷವೇ ಹೊರತು ಬ್ರಾಂದಿ ಇಳಿಸತೊಡಗಿದ ವರ್ಷವಲ್ಲ. ಆ ಸೀಮೆಯಲ್ಲಿ ವೈನನ್ನು ಭಟ್ಟಿ ಇಳಿಸುವ ಪದ್ಧತಿ ಬೇರೂರಿದ್ದು ಡಚ್ ವ್ಯಾಪಾರಿಗಳ ಬೇಡಿಕೆಯಿಂದ, ಶತಮಾನಗಳ ಅನಂತರ. ಹದಿನಾಲ್ಕನೆಯ ಲೂಯಿ ದೊರೆಯ ಔಷಧಿಕಾರನಾಗಿದ್ದ ಪಿಯೇರ್ ಫ್ರಾಪಿನ್‌ನಿಗೆ 1697ರಲ್ಲಿ ಕುಲಲಾಂಛನ ದೊರೆಯಿತೆಂದೂ ಮನೆತನ ಹೇಳಿಕೊಳ್ಳುತ್ತದೆ. ಇವೆಲ್ಲ ಬಾಟಲಿಯ ಬೆಲೆ ಏರಿಸುವ ಮಾತುಗಳು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಕಳೆದ ಶತಮಾನದ ಕಥೆ. ಈ ಮನೆಯ ಮಗಳು ಮಾರೀ ಫ್ರಾಪಿನ್ ಮದುವೆಯಾದದ್ದು ರೆಮಿ ಮಾರ್ಟಿನ್ ಎಂಬ ಕೊನ್ಯಾಕ್ ಕಂಪೆನಿಯನ್ನು ಬೆಳೆಸಿದ ಆಂದ್ರೆ ರೆನೋ ಅವರನ್ನು. ಅವರ ಮಗಳು ಜೆನೆವಿಯೆವ್, ಕಿತ್ತಳೆ ಸಿಪ್ಪೆಯ ಮದ್ಯಕ್ಕೆ ಹೆಸರಾದ ಕ್ವಾಂತ್ರೋ ಕುಟುಂಬದ ಮ್ಯಾಕ್ಸ್ ಅವರನ್ನು ವರಿಸಿದರು, ತೋಟ ಅವರ ವಂಶಕ್ಕೆ ಬಂತು. ಗಂಡು ಸಂತಾನವಿಲ್ಲದ ಒಕ್ಕದ (ಕೊಡವ ಮನೆತನದ) ಹೆಸರು ಉಳಿಯಲೆಂದು ನಮ್ಮಲ್ಲಿ ಒಕ್ಕಪರಿಜೆ ಮದುವೆಯ ಕಟ್ಟಳೆಯುಂಟು. ಅಲ್ಲಿ ಅಂಥ ಕಟ್ಟಳೆ ಯಾವುದೂ ಇಲ್ಲದೆ, ಒಡೆಯರ ಹೆಸರು ಬದಲಾದರೂ ತೋಟ ಫ್ರಾಪಿನ್ ಆಗಿಯೇ ಉಳಿಯಿತು.

ಕೊನ್ಯಾಕ್‌ನ ದೊಡ್ಡ ಕಂಪೆನಿಗಳು ಸಾವಿರಾರು ಬೆಳೆಗಾರರಿಂದ ವೈನನ್ನೋ ಭಟ್ಟಿ ಇಳಿಸಿದ ಮದ್ಯವನ್ನೋ ಕೊಂಡು ಮಿಶ್ರ ಮಾಡುತ್ತವೆ. ಫ್ರಾಪಿನ್ ಹಾಗಲ್ಲ. ಸೆಗೊಂಜಾಕ್ ಊರಿನ ಸುತ್ತಲಿನ ಸುಮಾರು 240 ಹೆಕ್ಟೇರ್ ಸ್ವಂತ ದ್ರಾಕ್ಷಿತೋಟದಿಂದ ಮೊದಲ್ಗೊಂಡು ಬಾಟಲಿಯವರೆಗೆ ಎಲ್ಲವೂ ಅವರ ಕೈಯಲ್ಲೇ ನಡೆಯುತ್ತದೆ. ಅದು ಗ್ರಾಂಡ್ ಶಾಂಪೇನ್ ಎಂಬ ಸುಣ್ಣಕಲ್ಲಿನ ನೆಲ; ನೊರೆಯುಕ್ಕುವ ಶಾಂಪೇನಿಗೂ ಇದಕ್ಕೂ ನಂಟಿಲ್ಲ. ಉನಿ ಬ್ಲಾಂ ದ್ರಾಕ್ಷಿಯ ಹುಳಿ ವೈನನ್ನು ಗಸಿಯ ಸಮೇತ ತಾಮ್ರದ ಹಂಡೆಯಲ್ಲಿ ಎರಡು ಬಾರಿ ಇಳಿಸುತ್ತಾರೆ. ನಿಯಮದ ಪ್ರಕಾರ ಆ ವರ್ಷದ ಭಟ್ಟಿ ಮಾರ್ಚ್ 31ರೊಳಗೆ ಮುಗಿಯಬೇಕು. ಎಕ್ಸ್‌ಒ (‘ಎಕ್ಸ್‌ಟ್ರಾ ಓಲ್ಡ್’, ಅಂದರೆ ಬಹಳ ಹಳೆಯದು) ಎನಿಸಿಕೊಳ್ಳಲು ಮೊದಲು ಓಕ್ ಪೀಪಾಯಿಯಲ್ಲಿ ಕನಿಷ್ಠ 6 ವರ್ಷ ಸಾಕಿತ್ತು. 2018ರಿಂದ 10 ವರ್ಷ ಬೇಕು. ಈ ಬ್ರಾಂದಿಯನ್ನು ಒಣ ಉಗ್ರಾಣಗಳಲ್ಲಿ ಮಾಗಿಸುತ್ತಾರೆ. ತೇವದ ಉಗ್ರಾಣದಲ್ಲಿ ಮದ್ಯಸಾರ ಹೆಚ್ಚು ಆರಿ ಬ್ರಾಂದಿ ಮೆದುವಾಗುತ್ತದೆ. ಒಣ ಉಗ್ರಾಣದಲ್ಲಿ ನೀರು ಹೆಚ್ಚು ಆರುವುದರಿಂದ ಬಿಗಿ ಉಳಿಯುತ್ತದೆ.

ಆ ಬಿಗಿ ಲೋಟದಲ್ಲಿ ಗೊತ್ತಾಗುತ್ತದೆ. ಶೇಕಡ 41ರ ಮದ್ಯಸಾರವಿದ್ದರೂ ಗಂಟಲು ಸುಡುವುದಿಲ್ಲ. ಮೊದಲಿಗೆ ಒಣಗಿದ ಕಿತ್ತಳೆ ಸಿಪ್ಪೆ, ಒಣದ್ರಾಕ್ಷಿ. ಕಾಲು ಗಂಟೆ ಬಿಟ್ಟು ಮೂಸಿದರೆ ವೆನಿಲ್ಲಾ, ಹಳೆಯ ಮರದ ಪೆಟ್ಟಿಗೆ ತೆರೆದಂಥ ವಾಸನೆ. ಕೊನೆಯಲ್ಲಿ ನಾಲಗೆಯ ಅಂಚಿನಲ್ಲಿ ತುಸು ಒಗರು ನಿಲ್ಲುತ್ತದೆ. ಸಿಹಿ ಬಯಸುವವರಿಗೆ ಇದು ಹಿಡಿಸಲಾರದು. ಕಾಚಂಪುಳಿಯ ಹುಳಿ ಏರಿದ ಪಂದಿಕರಿಯ (ಹಂದಿಮಾಂಸದ ಸಾರಿನ) ಜೊತೆಗೆ ಕುಡಿದಾಗ ಎರಡೂ ಕೆಟ್ಟವು. ಊಟ ಮುಗಿದು ಬಾಯಿ ತೊಳೆದ ಮೇಲೆ ಕುಡಿದಾಗ ಮಾತ್ರ ಇದರ ಗುಣ ತಿಳಿಯಿತು. ಸೋಡಾ, ಬಿಸಿನೀರು ಬೇಡವೇ ಬೇಡ.

ಬೆಲೆ ಮಾತ್ರ ಹಬ್ಬಕ್ಕೆ ನೆರೆದವರಿಗೆಲ್ಲ ಸುರಿಯುವಂಥದ್ದಲ್ಲ. ಬರೀ ಪರಿಚಯಕ್ಕೆ ಬೇಕೆನ್ನುವವರು ಇದೇ ಮನೆಯ ‘1270’ ಎಂಬ ಅಗ್ಗದ ಬಾಟಲಿಯಿಂದ ಆರಂಭಿಸಲಿ, ಮೇಲೆ ನಮೂದಿಸಿದ ವರ್ಷವನ್ನು ಮಾತ್ರ ಬ್ರಾಂದಿಯ ವಯಸ್ಸೆಂದು ಓದದಿರಲಿ.