ಟ್ರ್ಯಾಕ್ ಟೈರಾ, ರೋಡ್ ಟೈರಾ? ಎರಡನ್ನೂ ದಿನಾ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ದಿನಾ ಓಡಿಸುವ ಕಾರಿಗೆ ನಾನು ಆರಿಸುವುದು ಒಳ್ಳೆಯ ರೋಡ್ ಪರ್ಫಾರ್ಮೆನ್ಸ್ ಟೈರನ್ನು. ಟ್ರ್ಯಾಕ್ ಟೈರು ಕಂಡರೆ ಆಗದು ಅಂತ ಅಲ್ಲ. ಪೂರ್ತಿ ಒಂದು ಸೆಟ್ಟನ್ನು ಹದಿನಾಲ್ಕು ತಿಂಗಳು ಮಳೆ, ಚಳಿ, ಬಿಸಿಲು ಎನ್ನದೆ ಓಡಿಸಿ ಸವೆಸಿದ್ದೇನೆ. ಅದಾದ ಮೇಲೆ ಅದೇ ಕಾರಿಗೆ, ಅದೇ ಅಳತೆಯ ರೋಡ್ ಟೈರು ಹಾಕಿಸಿದೆ. ದಾರಿ ಅದೇ, ಓಡಿಸುವವನೂ ಅದೇ. ವ್ಯತ್ಯಾಸ ಕೈಗೆ ಸಿಗುವಷ್ಟು ಸ್ಪಷ್ಟವಾಗಿತ್ತು.

ನನ್ನ ಓಡಾಟ ಹೇಗಿದೆ ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಕೆಲಸಕ್ಕೆ ಹೋಗಿ ಬರಲು ದಿನಕ್ಕೆ 46 ಕಿ.ಮೀ. ಅದರಲ್ಲಿ ಅರ್ಧ ಟ್ರಾಫಿಕ್ಕು, ಅರ್ಧ ಹೆದ್ದಾರಿ. ವಾರಕ್ಕೆ ಎರಡು ದಿನ ಹಿಂದಿನ ಸೀಟಿನಲ್ಲಿ ಮಗಳು ಇರುತ್ತಾಳೆ. ವರ್ಷಕ್ಕೆ ಮೂರೋ ನಾಲ್ಕೋ ಟ್ರ್ಯಾಕ್ ಡೇ, ಅಂದರೆ ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಇನ್ನೊಂದು ಸೆಟ್ ಚಕ್ರ ಇಡಲು ಮನೆಯಲ್ಲಿ ಜಾಗ ಇಲ್ಲ. ಕೊಂಡರೆ ಒಂದೇ ಸೆಟ್, ಅದರಲ್ಲೇ ಎಲ್ಲ ಆಗಬೇಕು.

ಟ್ರ್ಯಾಕ್ ಟೈರು ಅಂದರೆ ನಾನು ಹೇಳುತ್ತಿರುವುದು ಗೆರೆಯೇ ಇಲ್ಲದ ರೇಸ್ ಸ್ಲಿಕ್ ಬಗ್ಗೆ ಅಲ್ಲ. ರಸ್ತೆಯಲ್ಲಿ ಓಡಿಸಲು ಒಪ್ಪಿಗೆ ಇರುವ, ಆದರೆ ಟ್ರ್ಯಾಕಿಗಾಗಿಯೇ ಮಾಡಿದಂಥ ಟೈರು. ಬ್ರಿಜ್‌ಸ್ಟೋನ್ ಪೊಟೆನ್ಜಾ ಆರ್‌ಇ-71ಆರ್‌ಎಸ್, ಯೊಕೊಹಾಮಾ ಅಡ್ವಾನ್ ಎ052, ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಈ ಜಾತಿಯವು. ಇನ್ನೊಂದು ಕಡೆ ರಸ್ತೆಗೆ ಅಂತಲೇ ಮಾಡಿದ, ಆದರೆ ಸಾಮಾನ್ಯ ಟೈರಿಗಿಂತ ಹಿಡಿತ ಹೆಚ್ಚಿರುವ ಪೈಲಟ್ ಸ್ಪೋರ್ಟ್ 4ಎಸ್, ಕಾಂಟಿನೆಂಟಲ್ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಸ್ಪೋರ್ಟ್ ಥರದವು. ನನ್ನ ಕಾರಿನಲ್ಲಿ ಇದ್ದದ್ದು ಯಾವ ಕಂಪನಿಯವು ಅಂತ ಹೇಳುವುದಿಲ್ಲ. ನನಗೆ ಬಂದ ತೊಂದರೆ ಕಂಪನಿಯದಲ್ಲ, ಆ ಜಾತಿಯ ರಬ್ಬರಿನದು.

ಕೊಂಡಿದ್ದು ಯಾಕೆ ಅಂದರೆ, ಗೆಳೆಯನ ಕಾರಿನಲ್ಲಿ ಒಂದು ಸುತ್ತು ಹೊಡೆದಿದ್ದೆ. ನನ್ನ ಹಳೆಯ ಟೈರು ನಾಲ್ಕನೇ ಸುತ್ತಿಗೇ ಅತಿಯಾಗಿ ಬಿಸಿಯಾಗಿ ಜಾರಲು ಶುರು ಮಾಡುತ್ತಿತ್ತು. ಅವನದು ಇಪ್ಪತ್ತು ನಿಮಿಷ ಹಾಗೇ ಕಚ್ಚಿಕೊಂಡಿತ್ತು. ಬ್ರೇಕ್ ಒತ್ತಿದರೆ ಸೀಟ್ ಬೆಲ್ಟ್ ಎದೆಗೆ ಒತ್ತುವಷ್ಟು ಹಿಡಿತ. ಆ ವಾರವೇ ಆರ್ಡರ್ ಮಾಡಿದೆ. ಟ್ರ್ಯಾಕಿನ ಮಟ್ಟಿಗೆ ಅದು ನನಗೆ ಒಂದು ದಿನವೂ ಬೇಸರ ತರಿಸಲಿಲ್ಲ. ಸುತ್ತಿಗೆ ಎರಡೂವರೆ ಸೆಕೆಂಡ್ ಕಡಿಮೆಯಾಯಿತು, ಅದೂ ಕಾರಿಗೆ ಬೇರೆ ಏನೂ ಮಾಡದೆ.

ಆದರೆ ರಸ್ತೆಯಲ್ಲಿ ಆ ರಬ್ಬರು ಎಚ್ಚರ ಆಗುವುದೇ ಇಲ್ಲ. ಟ್ರ್ಯಾಕ್ ಟೈರು ಸರಿಯಾಗಿ ಕೆಲಸ ಮಾಡಬೇಕಾದರೆ ಅದು ಚೆನ್ನಾಗಿ ಬಿಸಿಯಾಗಬೇಕು. ನನ್ನ ಹತ್ತಿರ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಇದೆ. ಟ್ರ್ಯಾಕಿನಿಂದ ಒಳಗೆ ಬಂದ ಕೂಡಲೇ ಹಿಡಿದರೆ 80 ಡಿಗ್ರಿ ಸೆಲ್ಸಿಯಸ್ ದಾಟಿರುತ್ತಿತ್ತು. ಕೆಲಸದಿಂದ ಮನೆಗೆ ಬಂದು ಹಿಡಿದರೆ 35, ತುಂಬಾ ಅಂದರೆ 40. ಬಿಸಿಲಿನ ದಿನ, ಒಣ ರಸ್ತೆಯಲ್ಲಿ ಅಷ್ಟು ತಣ್ಣಗಿದ್ದರೂ ಅದರ ಹಿಡಿತ ರೋಡ್ ಟೈರಿಗಿಂತ ಕಡಿಮೆ ಇರಲಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಹೆಚ್ಚಿನ ಹಿಡಿತ ಕಾಣಿಸುವುದು ರಸ್ತೆಯಲ್ಲಿ ಯಾರೂ ಹೋಗಬಾರದ ವೇಗದಲ್ಲಿ. ಟ್ರಾಫಿಕ್ಕಿನಲ್ಲಿ ಅದು ಸುಮ್ನೆ ಸವೆಯುತ್ತಿರುತ್ತದೆ.

ಚಳಿಯಲ್ಲಿ ಲೆಕ್ಕ ತಿರುಗಿಬೀಳುತ್ತದೆ. ಒಂದು ಬೆಳಗ್ಗೆ 6 ಡಿಗ್ರಿ ಇತ್ತು. ಮನೆ ಬಿಟ್ಟು ಎರಡನೇ ತಿರುವಿನಲ್ಲೇ, ನಿಧಾನವಾಗಿ ಹೋಗುತ್ತಿದ್ದರೂ, ಕಾರಿನ ಹಿಂಭಾಗ ಸ್ವಲ್ಪ ಜಾರಿತು. ರೋಡಿನ ಸಮ್ಮರ್ (ಬೆಚ್ಚಗಿನ ಹವೆಗೆ ಮಾಡಿದ) ಟೈರಿಗೂ 7 ಡಿಗ್ರಿಗಿಂತ ಕೆಳಗೆ ಹಿಡಿತ ಕಡಿಮೆಯಾಗುತ್ತದೆ, ಆದರೆ ಇಷ್ಟು ಗಟ್ಟಿ ಪ್ಲಾಸ್ಟಿಕ್ಕಿನ ಹಾಗೆ ಆಗುವುದಿಲ್ಲ. ನೀರು ಹೆಪ್ಪುಗಟ್ಟುವ ಚಳಿಯಲ್ಲಂತೂ ಈ ರಬ್ಬರು ಬಿರುಕು ಬಿಡಬಹುದು, ಓಡಿಸಬೇಡಿ ಅಂತ ತಯಾರಕರೇ ಎಚ್ಚರಿಸುತ್ತಾರೆ.

ಈಗ ನನ್ನ ನಿಜವಾದ ತಲೆನೋವಿಗೆ ಬರುತ್ತೇನೆ. ಕಲ್ಲು.

ಕೊಳ್ಳುವ ಮುಂಚೆ ಹಿಡಿತ, ಸವೆತ, ಸದ್ದು ಎಲ್ಲದರ ಬಗ್ಗೆ ಕೇಳಿಕೊಂಡಿದ್ದೆ. ಕಲ್ಲಿನ ವಿಷಯ ಯಾರೂ ಹೇಳಿರಲಿಲ್ಲ. ಈ ರಬ್ಬರು ಮೆತ್ತಗೆ, ಅಂಟು ಜಾಸ್ತಿ. ರಸ್ತೆಗೆ ಅಂಟುವ ಹಾಗೆಯೇ ರಸ್ತೆಯ ಮೇಲೆ ಬಿದ್ದಿರುವುದಕ್ಕೆಲ್ಲ ಅಂಟುತ್ತದೆ. ಸಣ್ಣ ಜಲ್ಲಿ, ಮರಳು, ಗಾಜಿನ ಚೂರು, ಡಾಂಬರಿನ ಕಣ, ಎಲ್ಲ. ವೇಗ 40 ದಾಟಿದ ಕೂಡಲೇ ಅವು ಒಂದೊಂದಾಗಿ ಬಿಟ್ಟುಕೊಂಡು ಚಕ್ರದ ಒಳಗಿನ ತಗಡಿಗೆ ಬಡಿಯುತ್ತವೆ. ಜಲ್ಲಿ ಹಾಕಿದ ಪಾರ್ಕಿಂಗಿನಿಂದ ಹೊರಗೆ ಬಂದರಂತೂ ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ. ಮೊದಲ ದಿನ ಏನೋ ಮುರಿದು ಬಿತ್ತು ಅಂತ ಕಾರು ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದೆ.

ಉದುರುವವು ಒಂದು ಬಗೆ. ಟ್ರೆಡ್ಡಿನ (ರಸ್ತೆಗೆ ತಾಗುವ, ಗೆರೆಗಳಿರುವ ಮೇಲ್ಮೈ) ಸಂದಿನಲ್ಲಿ ಸಿಕ್ಕಿಹಾಕಿಕೊಳ್ಳುವವು ಇನ್ನೊಂದು. ಅವು ಉದುರುವುದಿಲ್ಲ, ಚಕ್ರ ತಿರುಗಿದಷ್ಟು ಸಲವೂ ರಸ್ತೆಗೆ ತಾಗಿ ಟಿಕ್ ಟಿಕ್ ಅನ್ನುತ್ತವೆ. ಬಾಗಿಲಿನ ಖಾನೆಯಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್ ಇಟ್ಟುಕೊಂಡೆ. ಭಾನುವಾರ ಬೆಳಗ್ಗೆ ನಾಲ್ಕೂ ಚಕ್ರದಿಂದ ಕಲ್ಲು ಕೀಳುವುದೇ ಒಂದು ಕೆಲಸ ಆಯಿತು. ಒಂದು ಸಲ ಎಣಿಸಿದೆ. ಒಂದೇ ಚಕ್ರದಲ್ಲಿ 63. ಮುಂದಿನ ಚಕ್ರದ ಹಿಂದೆ, ಬಾಗಿಲಿನ ಕೆಳಗಿನ ಅಂಚಿನಲ್ಲಿ ಆರು ತಿಂಗಳಿಗೇ ಬಣ್ಣ ಚುಕ್ಕೆ ಚುಕ್ಕೆಯಾಗಿ ಎದ್ದಿತ್ತು. ಅಲ್ಲಿಗೆ ಪಾರದರ್ಶಕ ಫಿಲ್ಮ್ ಅಂಟಿಸಿದೆ, ಮಡ್ ಫ್ಲಾಪ್ ಹಾಕಿಸಿದೆ. ಟೈರಿನ ಖರ್ಚು ಅಂತ ಲೆಕ್ಕ ಹಾಕುವಾಗ ಇದನ್ನೆಲ್ಲ ಯಾರು ಸೇರಿಸುತ್ತಾರೆ ಹೇಳಿ? ಸೇರಿಸಬೇಕು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಟಿಕ್ ಟಿಕ್ ಸದ್ದು ದಿನಾ ಕೇಳಿ ಕೇಳಿ ಕಿವಿಗೆ ಅಭ್ಯಾಸ ಆಗಿಬಿಟ್ಟಿತು. ಎಂಟನೇ ತಿಂಗಳು ಬಲಗಡೆ ಹಿಂದಿನ ಚಕ್ರದಿಂದ ಅದೇ ಸದ್ದು. ಕಲ್ಲೇ ಇರಬೇಕು, ಭಾನುವಾರ ತೆಗೆದರಾಯಿತು ಅಂದುಕೊಂಡೆ. ಮೂರು ದಿನ ಹಾಗೇ ಓಡಿಸಿದೆ. ನಾಲ್ಕನೇ ದಿನ ಹೆದ್ದಾರಿಯಲ್ಲಿ, ಟೈರಿನಲ್ಲಿ ಗಾಳಿ ಕಡಿಮೆ ಅಂತ ಎಚ್ಚರಿಸುವ ದೀಪ ಹತ್ತಿತು. ಮಗಳು ಹಿಂದೆ ಕೂತಿದ್ದಳು. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ಟೈರು ನೋಡಲು ಚೆನ್ನಾಗಿಯೇ ಇದೆ. ಈ ಟೈರುಗಳ ಪಕ್ಕದ ಗೋಡೆ ಎಷ್ಟು ಬಿರುಸು ಅಂದರೆ ಗಾಳಿ ಇಳಿದರೂ ಬೇಗ ಚಪ್ಪಟೆಯಾಗಿ ಕಾಣುವುದಿಲ್ಲ. ಗೇಜ್ ಹಚ್ಚಿದರೆ 33 ಇರಬೇಕಾದ ಕಡೆ 21 ಪಿಎಸ್‌ಐ. ಕಲ್ಲು ಅಂದುಕೊಂಡಿದ್ದು ತಗಡಿಗೆ ಹೊಡೆಯುವ ಸ್ಕ್ರೂ. ಮೆತ್ತಗಿನ ರಬ್ಬರಿನೊಳಗೆ ತಲೆಯವರೆಗೂ ಇಳಿದಿತ್ತು.

ಅದು ಚುಚ್ಚಿದ್ದು ಹೊರಗಿನ ಭುಜದ ಹತ್ತಿರ, ಅಂದರೆ ಟ್ರೆಡ್ಡು ಪಕ್ಕದ ಗೋಡೆಗೆ ಸೇರುವ ಅಂಚಿನಲ್ಲಿ. ಪಂಕ್ಚರ್ ಹಾಕುವವರು ನೋಡಿ ಆಗುವುದಿಲ್ಲ ಅಂದುಬಿಟ್ಟರು. ಟ್ರೆಡ್ಡಿನ ನಡುಭಾಗದಲ್ಲಿ ತೂತಾದರೆ ಮಾತ್ರ ರಿಪೇರಿ, ಭುಜಕ್ಕೋ ಪಕ್ಕದ ಗೋಡೆಗೋ ಆದರೆ ಟೈರೇ ಬದಲಿಸಬೇಕು. ಒಂದನ್ನೇ ಬದಲಿಸೋಣ ಅಂದರೆ ಜೊತೆಯ ಟೈರು ಅಷ್ಟರಲ್ಲಿ ಅರ್ಧ ಸವೆದಿತ್ತು. ಒಂದೇ ಆಕ್ಸಲ್‌ನಲ್ಲಿ ಒಂದು ಹೊಸದು, ಒಂದು ಹಳೆಯದು ಇಡುವುದು ಸರಿಯಲ್ಲ. ಎರಡು ಕೊಂಡೆ. ಒಂದು ಸ್ಕ್ರೂವಿಗೆ ಅರ್ಧ ಸೆಟ್ಟಿನ ದುಡ್ಡು ಹೋಯಿತು. ದುಡ್ಡಿಗಿಂತ ನನ್ನನ್ನು ಹೆಚ್ಚು ಕಾಡಿದ್ದು, ಮೂರು ದಿನ ಆ ಸದ್ದನ್ನು ಕೇಳಿಯೂ ಸುಮ್ಮನಿದ್ದೆನಲ್ಲ ಅನ್ನುವುದು.

ರೋಡ್ ಟೈರಿನಲ್ಲಿ ಕಲ್ಲು ಸಿಗುವುದೇ ಇಲ್ಲ ಅಂತಲ್ಲ. ಆದರೆ ಈಗಿನ ಸೆಟ್ಟಿನಲ್ಲಿ ಒಂದೂವರೆ ವರ್ಷಕ್ಕೆ ಸ್ಕ್ರೂಡ್ರೈವರ್ ತೆಗೆದದ್ದು ಮೂರೇ ಸಲ. ಮೂರನೇ ಸಲ ಅದು ಮೊಳೆಯಾಗಿತ್ತು. ಎಂದೂ ಇಲ್ಲದ ಸದ್ದು ಬಂದದ್ದರಿಂದ ಕೂಡಲೇ ನಿಲ್ಲಿಸಿದೆ. ನಟ್ಟನಡುವೆ ಚುಚ್ಚಿತ್ತು, ಅರ್ಧ ಗಂಟೆಯಲ್ಲಿ ಒಳಗಿನಿಂದ ಪ್ಯಾಚ್ ಹಾಕಿಸಿಕೊಂಡು ಹೊರಟೆ.

ಮಳೆಯ ವಿಷಯದಲ್ಲಿ ಜನ ಹೇಳುವುದು ಅರ್ಧ ನಿಜ. ರಸ್ತೆ ಬರೀ ಒದ್ದೆಯಾಗಿದ್ದರೆ ಟ್ರ್ಯಾಕ್ ಟೈರು ಚೆನ್ನಾಗಿಯೇ ಹಿಡಿಯುತ್ತದೆ. ಭಯ ಇರುವುದು ನಿಂತ ನೀರಿನಲ್ಲಿ. ನೀರು ಹೊರಗೆ ಹರಿದು ಹೋಗಲು ಅದರಲ್ಲಿ ಕಾಲುವೆಗಳು ಕಡಿಮೆ, ಆಳವೂ ಕಡಿಮೆ. ನನ್ನ ಟ್ರ್ಯಾಕ್ ಟೈರು ಹೊಸದರಲ್ಲೇ 6.5 ಮಿ.ಮೀ. ಇತ್ತು, ರೋಡ್ ಟೈರು 8. ಟ್ರೆಡ್ 4 ಮಿ.ಮೀ.ಗೆ ಬಂದಾಗ ಒಂದು ಸಂಜೆ ಹೆದ್ದಾರಿಯಲ್ಲಿ, 80ರ ವೇಗದಲ್ಲಿ, ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾಯಿತು. ಕಾರು ನೀರಿನ ಮೇಲೆ ತೇಲುತ್ತಿತ್ತು. ಬ್ರೇಕ್ ಮುಟ್ಟದೆ, ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಸ್ಟೇರಿಂಗ್ ನೇರ ಹಿಡಿದೆ. ಒಂದು ಕ್ಷಣದಲ್ಲಿ ಸರಿಹೋಯಿತು. ಆಮೇಲೆ ಮಳೆ ಬಂದರೆ 60 ದಾಟುತ್ತಿರಲಿಲ್ಲ. ಎಷ್ಟೋ ದೇಶಗಳಲ್ಲಿ ಕಾನೂನಿನ ಕನಿಷ್ಠ ಆಳ 1.6 ಮಿ.ಮೀ. ಮಳೆಯಲ್ಲಿ ಈ ಟೈರನ್ನು ಅಲ್ಲಿಯವರೆಗೆ ಓಡಿಸುವ ಯೋಚನೆಯನ್ನೂ ಮಾಡಬೇಡಿ.

ಸವೆತ: ಟ್ರ್ಯಾಕ್ ಟೈರು ನನಗೆ 15,000 ಕಿ.ಮೀ. ಬಂತು. ರೋಡ್ ಟೈರು 20,000 ದಾಟಿದೆ, ಇನ್ನೂ 4.5 ಮಿ.ಮೀ. ಇದೆ.

ಟೈರಿನ ಗೋಡೆಯ ಮೇಲೆ ಟ್ರೆಡ್‌ವೇರ್ 200, 300 ಅಂತ ಬರೆದಿರುತ್ತದಲ್ವಾ, ಅದರ ಬಗ್ಗೆ ಒಂದು ಮಾತು. ಅದು ಅಮೆರಿಕದ ಪದ್ಧತಿ, ಅಂಕೆ ದೊಡ್ಡದಾದಷ್ಟೂ ಟೈರು ನಿಧಾನ ಸವೆಯಬೇಕು ಅಂತ ಅರ್ಥ. ಟೆಕ್ಸಸ್‌ನ ರಸ್ತೆಗಳಲ್ಲಿ ಸುಮಾರು 640 ಕಿ.ಮೀ.ನ ಒಂದು ಸುತ್ತುದಾರಿ ಇದೆ. ಅದರಲ್ಲಿ ಒಟ್ಟು 11,600 ಕಿ.ಮೀ.ನಷ್ಟು ಓಡಿಸಿ, ಜೊತೆಗೇ ಓಡುವ ಒಂದು ಮಾದರಿ ಟೈರಿನ ಸವೆತದ ಜೊತೆ ಹೋಲಿಸುತ್ತಾರೆ. ಆದರೆ ಕೊನೆಗೆ ಅಂಕೆ ಹಾಕುವವರು ಕಂಪನಿಯವರೇ. ಅದಕ್ಕೇ ಒಂದು ಕಂಪನಿಯ 200ಕ್ಕೂ ಇನ್ನೊಂದರ 200ಕ್ಕೂ ತಾಳೆ ಆಗುವುದಿಲ್ಲ. ಹವ್ಯಾಸಿ ರೇಸಿನ ಎಷ್ಟೋ ವಿಭಾಗಗಳಲ್ಲಿ ಕನಿಷ್ಠ 200 ಇರಬೇಕು ಅನ್ನುವ ನಿಯಮ ಇರುವುದರಿಂದ, ಆ ನಿಯಮಕ್ಕೆ ಸರಿಯಾಗಿ 200 ಅಂತ ಹಾಕಿದ ಟೈರುಗಳು ಬೇಕಾದಷ್ಟಿವೆ. ಆ ಅಂಕೆ ನೋಡಿ ಆಯಸ್ಸಿನ ಲೆಕ್ಕ ಹಾಕಬೇಡಿ.

ಸದ್ದು ಟ್ರ್ಯಾಕ್ ಟೈರಿನಲ್ಲಿ ಜಾಸ್ತಿ, ಸವೆದಷ್ಟೂ ಇನ್ನೂ ಜಾಸ್ತಿ. ಪೆಟ್ರೋಲೂ ಸ್ವಲ್ಪ ಹೆಚ್ಚು ಕುಡಿಯಿತು. ಲಾರಿಗಳು ಓಡಿ ಹಳ್ಳಬಿದ್ದ ರಸ್ತೆಯಲ್ಲಿ ಸ್ಟೇರಿಂಗ್ ಆ ಗಾಡಿಜಾಡಿನ ಹಿಂದೆಯೇ ಎಳೆಯುತ್ತದೆ, ಎರಡೂ ಕೈ ಬಿಗಿಹಿಡಿದೇ ಇರಬೇಕು. ರೋಡ್ ಟೈರು ಹಾಕಿಸಿದ ದಿನ ಮನೆಗೆ ಬರುವಷ್ಟರಲ್ಲಿ ನನ್ನ ಭುಜ ಸಡಿಲಾಗಿತ್ತು.

ಇನ್ನೊಂದು ತಪ್ಪೂ ನನ್ನದೇ. ಟ್ರ್ಯಾಕಿಗೆ ಅಂತ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಜಾಸ್ತಿ ಇಟ್ಟುಕೊಂಡು ಅದೇ ಅಲೈನ್‌ಮೆಂಟಿನಲ್ಲಿ ದಿನಾ ನೇರ ರಸ್ತೆಯಲ್ಲಿ ಓಡಿಸಿದೆ. ಮುಂದಿನ ಎರಡೂ ಟೈರಿನ ಒಳಅಂಚು ಬೇಗ ಬೋಳಾಯಿತು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಚಕ್ರ ಪೂರ್ತಿ ತಿರುಗಿಸಿ ಒಳಗೆ ಕೈಯಾಡಿಸಿ ನೋಡಬೇಕು.

ಹಾಗಾದರೆ ರೋಡ್ ಟೈರು ಹಾಕಿಕೊಂಡು ಟ್ರ್ಯಾಕಿಗೆ ಹೋದರೆ ಹೇಗೆ? ನಾನು ಹೋಗಿ ಬಂದೆ, ಆರು ಸಲ. ಐದು ಸುತ್ತು ಜೋರಾಗಿ, ಆಮೇಲೆ ಒಂದು ಸುತ್ತು ತಣ್ಣಗೆ. ಹಾಗೆ ಮಾಡಿದರೆ ಅದು ಹಾಳಾಗುವುದಿಲ್ಲ. ಹಟ ಹಿಡಿದು ಹತ್ತು ಸುತ್ತು ಓಡಿಸಿದರೆ ಭುಜದ ರಬ್ಬರು ಚೂರು ಚೂರಾಗಿ ಕಿತ್ತು ಬರುತ್ತದೆ. ಗಾಳಿ ಕೂಡ ನೋಡುತ್ತಿರಬೇಕು. ಟೈರಿನ ಬಿಸಿ 5ರಿಂದ 6 ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ, ಅದಕ್ಕೆ ನಡುನಡುವೆ ಇಳಿಸುತ್ತೇನೆ. ಮನೆಗೆ ಹೊರಡುವ ಮುಂಚೆ ಮತ್ತೆ ತುಂಬಿಸಿಕೊಳ್ಳುತ್ತೇನೆ. ಇದನ್ನು ಮರೆಯಬಾರದು. ಸುತ್ತಿನ ಸಮಯ ಮತ್ತೆ ಎರಡು ಸೆಕೆಂಡ್ ಹೆಚ್ಚಾಯಿತು. ಆದರೆ ಟೈರು ಜಾರುವ ಮುಂಚೆ ಕಿರುಚಿ ಹೇಳುತ್ತದೆ, ಮೆಲ್ಲಗೆ ಬಿಟ್ಟುಕೊಡುತ್ತದೆ. ಟ್ರ್ಯಾಕ್ ಟೈರು ಕೊನೆಯವರೆಗೂ ಹಿಡಿದುಕೊಂಡು ಥಟ್ಟನೆ ಬಿಡುತ್ತಿತ್ತು. ಕಲಿಯುವವರಿಗೆ ರೋಡ್ ಟೈರೇ ಒಳ್ಳೆಯದು.

ಕಾರಿನ ಜೊತೆ ಬರುವ ಸಾಮಾನ್ಯ ಟೈರು ಓಡಾಟಕ್ಕೆ ಸಾಕು, ಟ್ರ್ಯಾಕಿಗೆ ಸಾಲದು. ಅದರ ಬಗ್ಗೆ ಅಷ್ಟೇ.

ನಿಮಗೆ ಜಾಗವೂ ಬಜೆಟ್ಟೂ ಇದ್ದರೆ ಎರಡು ಸೆಟ್ ಚಕ್ರ ಇಟ್ಟುಕೊಳ್ಳಿ. ಟ್ರ್ಯಾಕ್ ಟೈರು ಅಲ್ಲಿಗೆ ಮಾತ್ರ, ಉಳಿದ ದಿನ ರೋಡ್ ಟೈರು. ಅದಕ್ಕಿಂತ ಸರಿಯಾದ ದಾರಿ ಇಲ್ಲ. ತಿಂಗಳಿಗೆ ಒಂದು ಟ್ರ್ಯಾಕ್ ಡೇ ಮಾಡುವವರು, ವಾರದಲ್ಲಿ ಕಾರು ತೆಗೆಯದೇ ಇರುವವರು ನನ್ನ ಮಾತು ಕೇಳಬೇಕಾಗಿಲ್ಲ. ಟ್ರ್ಯಾಕ್ ಟೈರನ್ನೇ ಹಾಕಿಕೊಳ್ಳಿ, ಖುಷಿಯಾಗುತ್ತದೆ. ಒಂದೇ ಸೆಟ್, ದಿನಾ ಓಡಾಟ, ಮನೆಮಂದಿ ಕೂರುವ ಕಾರು ಅಂದರೆ ನನ್ನ ಉತ್ತರ ರೋಡ್ ಟೈರು. ಮುಂದಿನ ಸಲವೂ ಅದನ್ನೇ ಕೊಳ್ಳುತ್ತೇನೆ.

ಸ್ಕ್ರೂವಿನ ದೆಸೆಯಿಂದ ಕೊಂಡ ಆ ಎರಡು ಟ್ರ್ಯಾಕ್ ಟೈರು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದ್ದವು. ನನಗೆ ಮೊದಲ ಸುತ್ತು ತೋರಿಸಿದ ಗೆಳೆಯ ಈಗ ಟ್ರ್ಯಾಕಿಗೆ ಅಂತಲೇ ಒಂದು ಹಳೆಯ ಕಾರು ಇಟ್ಟಿದ್ದಾನೆ, ಅಳತೆಯೂ ಹೊಂದಿತು. ಅವನಿಗೆ ಕೊಟ್ಟೆ. ಹೋದ ಸಲ ಹೋದಾಗ ಅವು ಅಲ್ಲಿ ಬಿಸಿಯಾಗಿ, ಮಿರಿಮಿರಿ ಕಪ್ಪಗೆ, ಕಚ್ಚಿ ಓಡುತ್ತಿದ್ದವು.