ಎರಡು ವರ್ಷ ಬಳಸಿದ ಥರ್ಮಲ್ ಕ್ಯಾಮೆರಾ, ಅದರ ಕಣ್ಣು ತಪ್ಪಿಸಿದ ಕಂಬಳಿ

ಸಕಲೇಶಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಇಲ್ಲಿನ ಆನೆ ಕಾಟ ಗೊತ್ತೇ ಇದೆಯಲ್ಲ. ರಾತ್ರಿ ಹೊರಗೆ ಕಾಲಿಡುವ ಮುಂಚೆ ದಾರಿ ನೋಡಿಕೊಳ್ಳೋಣ ಅಂತ ಎರಡು ವರ್ಷದ ಹಿಂದೆ ಫೋನಿಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾ ತಗೊಂಡೆ. 256×192 ಪಿಕ್ಸೆಲ್‌ನದು. ಇದಕ್ಕೆ ಬೆಳಕು ಬೇಡ. ಮೈಯಿಂದ ಹೊರಡುವ 8ರಿಂದ 14 ಮೈಕ್ರಾನ್‌ನ ಇನ್‌ಫ್ರಾರೆಡ್ ಕಿರಣ ಹಿಡಿದು ಚಿತ್ರ ಮಾಡುತ್ತದೆ. ಬಯಲಲ್ಲಿ ನಿಂತ ಆನೆ ಬೆಳ್ಳಗೆ ಹೊಳೆಯುತ್ತದೆ. ದಟ್ಟ ಗಿಡದ ಹಿಂದೆ ನಿಂತರೆ ಇಲ್ಲ, ಎಲೆಯನ್ನು ತೂರಿ ನೋಡುವ ಶಕ್ತಿ ಅದಕ್ಕಿಲ್ಲ. ಅಷ್ಟು ಗೊತ್ತಿದ್ದೇ ತಗೊಂಡಿದ್ದು.

ಗೊತ್ತಿಲ್ಲದೇ ಇದ್ದದ್ದು ಕಂಬಳಿ ವಿಷಯ. ಹೋದ ಮಳೆಗಾಲದ ಒಂದು ರಾತ್ರಿ ಗೇಟಿನ ಹತ್ತಿರ ಸದ್ದಾಯಿತು. ಜಗಲಿಯಿಂದ ಕ್ಯಾಮೆರಾದಲ್ಲಿ ನೋಡಿದೆ, ಯಾರೂ ಇಲ್ಲ. ಗಿಡದ ಮರೆಯಲ್ಲಿ ಆನೆಯಿದ್ದರೆ ಓಡಲಿ ಅಂತ ಪಟಾಕಿ ಹಚ್ಚಿ ಎಸೆಯಲು ಕೈ ಎತ್ತಿದ್ದೆ. "ಸಾರ್, ನಾನು ಕಣ್ರೀ, ಎಸೀಬೇಡಿ!" ನಮ್ಮ ರೈಟ್ರು, ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವವರು! ಕಂಬಳಿಯನ್ನು ತಲೆ ಮೇಲಿಂದ ಕೊಪ್ಪೆ ಹಾಕಿಕೊಂಡು ನನಗೆ ಬೆನ್ನು ಮಾಡಿ ನಿಂತಿದ್ದರು. ತಿರುಗಿದಾಗ ಮುಖ ಮಾತ್ರ ಬಿಳಿ ಚುಕ್ಕಿಯಾಗಿ ಕಂಡಿತು. ತಪ್ಪು ನನ್ನದೇ. ಪರದೆಯಲ್ಲಿ ಇಲ್ಲ ಅಂದರೆ ಅಲ್ಲಿ ಇಲ್ಲ ಅಂದುಕೊಂಡಿದ್ದೆ.

ಮಾರನೇ ದಿನದಿಂದ ಇದೇ ಹುಚ್ಚು. ರೈಟ್ರನ್ನು ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ದೂರ ಕೂರಿಸಿ, ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಹೊದೆಸಿ ನೋಡಿದೆ. ಮೊದಲು ಹತ್ತಿ ಬೆಡ್‌ಶೀಟ್. ಹೊದ್ದ ತಕ್ಷಣ ಮನುಷ್ಯ ಮಾಯ. ಭಲೇ ಅನ್ನುವಷ್ಟರಲ್ಲಿ ಎರಡು ಹೆಗಲು ಮೂಡಿದವು, ಆಮೇಲೆ ಮಂಡಿ. ಬಟ್ಟೆ ಎಲ್ಲಿ ಮೈಗೆ ಅಂಟುತ್ತದೋ ಅಲ್ಲೇ ಬಿಸಿಯಾಗಿ ಹೊಳೆಯುತ್ತದೆ. ಕುರಿ ಉಣ್ಣೆಯ ಕಂಬಳಿ ಹಾಗಲ್ಲ. ದಪ್ಪ, ಎಳೆಗಳ ನಡುವೆ ಗಾಳಿ ಜಾಸ್ತಿ, ಹೊರಮೈ ಬಿಸಿಯಾಗಲು ತುಂಬ ಹೊತ್ತು ಬೇಕು. ಮಳೆಯಲ್ಲಿ ನೆನೆದಿದ್ದರಂತೂ ಸುತ್ತಲ ನೆಲದಷ್ಟೇ ತಣ್ಣಗೆ. ಆದರೂ ಕಾಲು ಗಂಟೆಯ ಮೇಲೆ ಮಬ್ಬಾಗಿ ಆಕಾರ ಕಾಣುತ್ತದೆ, ಕುತ್ತಿಗೆ ಹತ್ತಿರ ಉಸಿರಿನ ಬಿಸಿ ಸೋರುತ್ತದೆ.

ತಮಾಷೆ ಅಂದರೆ ತೆಳು ಕಪ್ಪು ಪ್ಲಾಸ್ಟಿಕ್. ಕಸದ ಚೀಲದೊಳಗೆ ಕೈ ಇಟ್ಟರೆ ಕಣ್ಣಿಗೆ ಏನೂ ಕಾಣಲ್ಲ, ಕ್ಯಾಮೆರಾಗೆ ಐದೂ ಬೆರಳು! ಗಾಜು ಪೂರಾ ಉಲ್ಟಾ. ಕಿಟಕಿ ಮುಚ್ಚಿ ನೋಡಿದರೆ ಆಚೆಯದು ಬಿಡಿ, ನನ್ನದೇ ಪ್ರತಿಬಿಂಬ. ಚಾರಣಕ್ಕೆ ಹೋಗುವವರು ಒಯ್ಯುವ ಬೆಳ್ಳಿ ಬಣ್ಣದ ಹಾಳೆಯನ್ನೂ ಹೊದೆಸಿದೆ. ಅದು ತಾನಾಗಿ ಬಿಸಿ ಸೂಸುವುದು ಬಹಳ ಕಡಿಮೆ, ಎದುರಿಗಿದ್ದದ್ದನ್ನು ಪ್ರತಿಫಲಿಸುತ್ತದೆ. ಮೋಡವಿಲ್ಲದ ರಾತ್ರಿಯ ಆಕಾಶ ವಿಪರೀತ ತಣ್ಣಗೆ ಅಲ್ವಾ, ಬೂದು ಅಂಗಳದ ನಡುವೆ ಮಸಿ ಸುರಿದ ಹಾಗೆ ಕಂಡಿತು. ಅವಿತುಕೊಳ್ಳಲು ಹೋಗಿ ಇನ್ನಷ್ಟು ಎದ್ದು ಕಂಡ ಹಾಗಾಯಿತು.

ಗೆದ್ದದ್ದು ಯಾವುದು ಗೊತ್ತಾ? ಹಳೇ ಕಪ್ಪು ಕೊಡೆ. ಬಟ್ಟೆ ಕಂಬಳಿಗಿಂತ ಎಷ್ಟೋ ತೆಳು. ಆದರೆ ಮೈಗೆ ತಾಗಲ್ಲ, ನಡುವೆ ಗಾಳಿ ಆಡುತ್ತದೆ, ಹಾಗಾಗಿ ಬಿಸಿ ಏರಲ್ಲ. ಅರ್ಧ ಗಂಟೆಯಾದರೂ ಕೊಡೆಯ ಹಿಂದಿದ್ದ ಮೈ ಕಾಣಲಿಲ್ಲ. ಕೆಳಗೆ ಎರಡು ಕಾಲು ಮಾತ್ರ ಬೆಳ್ಳಗೆ. ರೈಟ್ರ ಹೆಂಡತಿ ಅದನ್ನು ನೋಡಿ ನಕ್ಕಿದ್ದೇ ನಕ್ಕಿದ್ದು.

ನಮಗೆ ಬೇಕಾದ್ದು ಅಡಗುವುದಲ್ಲ, ಕಾಣುವುದು. ರೇಡಿಯಂ ಪಟ್ಟಿ ಹಾಕಿದ ಜಾಕೆಟ್ ತಂದೆ, ದಂಡ. ಅದು ಟಾರ್ಚ್ ಬೆಳಕಿಗೆ ಹೊಳೆಯುತ್ತದೆ, ಥರ್ಮಲ್‌ಗೆ ಬರೀ ಬಟ್ಟೆ. ಈಗ ಪಟಾಕಿ ಹಚ್ಚುವ ಮುಂಚೆ ರೈಟ್ರಿಗೆ ಫೋನ್ ಮಾಡುತ್ತೇನೆ. ಅವರು ಕೊಪ್ಪೆ ಸರಿಸಿ, ಮುಖ ಈಚೆ ಮಾಡಿ ಕೈ ಎತ್ತುತ್ತಾರೆ.

ಕ್ಯಾಮೆರಾಗೆ 5ಕ್ಕೆ ಮೂರೂವರೆ ಕೊಡುತ್ತೇನೆ. ಮಂಜು ಕವಿದರೆ ದೂರದ್ದು ಕಾಣಲ್ಲ, ಫೋನಿನ ಬ್ಯಾಟರಿ ಕುಡಿಯುತ್ತದೆ, ಆಗಾಗ 'ಟಕ್' ಅಂದು ಚಿತ್ರ ಒಂದು ಕ್ಷಣ ನಿಲ್ಲುತ್ತದೆ. ಅದು ಕೆಟ್ಟಿದ್ದಲ್ಲ, ಒಳಗಿನ ಶಟರ್ ಮುಚ್ಚಿ ತನ್ನನ್ನೇ ಸರಿಮಾಡಿಕೊಳ್ಳುವುದು. ಟೈಪ್-ಸಿ ಪಿನ್ ಮಾತ್ರ ಸಡಿಲವಾಗಿದೆ. ರಬ್ಬರ್ ಬ್ಯಾಂಡ್ ಸುತ್ತಿ ನಡೆಸುತ್ತಿದ್ದೇನೆ.