ಅವರ್ ವರ್ಲ್ಡ್ ಇನ್ ಡೇಟಾ: ಐದಕ್ಕೆ ನಾಲ್ಕು ಸ್ಟಾರ್

ಇದು ಒಂದು ವೆಬ್‌ಸೈಟ್. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ಶುರು ಮಾಡಿದವರು ಮ್ಯಾಕ್ಸ್ ರೋಸರ್. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೂ ಜೊತೆಗಿದ್ದಾರೆ. ಬಡತನ, ಕಾಯಿಲೆ, ಯುದ್ಧ, ಹೊಗೆ, ಕರೆಂಟು, ಏನು ಹುಡುಕಿದರೂ ಗ್ರಾಫ್ ಬರುತ್ತದೆ.

ನಮ್ಮ ಮನೆಯಲ್ಲಿ ಕಾಫಿಗೆ ಮುಂಚೆ ಹಚ್ಚಿದ ನ್ಯೂಸ್ ಚಾನೆಲ್ ರಾತ್ರಿ ಊಟ ಆದಮೇಲೇ ಬಂದ್. ಲೋಕ ಕೆಟ್ಟು ಕೆರ ಹಿಡಿದಿದೆ ಅನ್ನೋದು ಯಜಮಾನರ ತೀರ್ಪು. ನಾನು ವಾದಕ್ಕೆ ಹೋಗುವುದಿಲ್ಲ. ಮಗಳು ಈ ಸೈಟ್ ತೆರೆದುಕೊಟ್ಟಾಗ ನಾನು ಮೊದಲು ಹುಡುಕಿಸಿದ್ದು ನಾರು ಹುಣ್ಣು.

ಈಗಿನವರಿಗೆ ಆ ಹೆಸರೇ ಗೊತ್ತಿಲ್ಲ. ಗೊತ್ತಿಲ್ಲದಿರೋದೇ ಒಳ್ಳೆ ಸುದ್ದಿ, ಅಲ್ವಾ? ಎಂಬತ್ತರ ದಶಕದಲ್ಲಿ ನಾನು ರಾಯಚೂರು ಕಡೆ ಆರೋಗ್ಯ ಇಲಾಖೆಯಲ್ಲಿದ್ದೆ. ಜನ ಮೆಟ್ಟಿಲು ಬಾವಿಗೆ ಇಳಿದು ಕುಡಿಯುವ ನೀರು ತುಂಬುತ್ತಿದ್ದರು. ಆ ನೀರಲ್ಲಿ ತೀರಾ ಸಣ್ಣ ನೀರುಹುಳ, ಅದರೊಳಗೆ ನಾರು ಹುಳದ ಮರಿ. ಕುಡಿದು ಒಂದು ವರ್ಷದ ಹೊತ್ತಿಗೆ ಕಾಲಲ್ಲಿ ಬೊಬ್ಬೆ ಎದ್ದು, ಒಡೆದು, ಬಿಳೀ ದಾರದಂಥ ಹುಳ ತಲೆ ಹಾಕುತ್ತಿತ್ತು. ಎರಡು ಮೂರು ಅಡಿ ಉದ್ದ. ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಉರಿ ತಾಳದೆ ಅದೇ ಕಾಲನ್ನು ಬಾವಿಗೆ ಇಳಿಬಿಟ್ಟರೆ ಮರಿಗಳು ಮತ್ತೆ ನೀರಿಗೆ. ಬಿತ್ತನೆ ಟೈಮಿಗೆ ಸರಿಯಾಗಿ ದುಡಿಯುವವರೇ ಹಾಸಿಗೆ ಹಿಡಿಯುತ್ತಿದ್ದರು.

ಇದಕ್ಕೆ ಲಸಿಕೆ ಇರಲಿಲ್ಲ, ಈಗಲೂ ಇಲ್ಲ. ಗುಣ ಮಾಡುವ ಔಷಧಿಯೂ ಇಲ್ಲ. ಮನೆ ಮನೆ ತಿರುಗಿ ಹುಣ್ಣಿದ್ದವರನ್ನು ಹುಡುಕಿದೆವು. ನೀರು ಸೋಸಿ ಕುಡೀರಿ ಅಂತ ಗಂಟಲು ಹರಿದುಕೊಂಡೆವು. ಬಾವಿಗೆ ಆ ನೀರುಹುಳ ಸಾಯಿಸುವ ಟೆಮಿಫಾಸ್ ಔಷಧಿ ಹಾಕಿದೆವು. ಮೆಟ್ಟಿಲು ಮುಚ್ಚಿ ಸೇದೋ ಬಾವಿ ಮಾಡಿದರು, ಕೈಪಂಪು ಬಂದವು. ದೇಶದ ಕೊನೆಯ ಪ್ರಕರಣ 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಈ ಕಾಯಿಲೆ ಇಲ್ಲ ಅಂತ ಪ್ರಮಾಣಪತ್ರ ಕೊಟ್ಟಿತು. ಅದಕ್ಕೆ ಯಾರಾದರೂ ಪಟಾಕಿ ಹೊಡೆದಿದ್ದು ನಾನಂತೂ ಕಾಣೆ.

ಇಡೀ ಜಗತ್ತಿನ ನಾರು ಹುಣ್ಣಿನ ಗೆರೆ ಸೈಟಿನ ಗ್ರಾಫಿನಲ್ಲಿ ನೆಲ ಕಚ್ಚಿದೆ. 1986ರಲ್ಲಿ ಅಂದಾಜು 35 ಲಕ್ಷ ಜನಕ್ಕಿತ್ತು. 2024ರಲ್ಲಿ 15. ಲಕ್ಷ ಅಲ್ಲ, ಬರೀ ಹದಿನೈದು ಜನ, ಆಫ್ರಿಕಾದ ಚಾಡ್ ಮತ್ತು ದಕ್ಷಿಣ ಸುಡಾನ್‌ನಲ್ಲಿ. ನಾಯಿಗಳಿಗೂ ಅಂಟುತ್ತಿರುವುದರಿಂದ ಕೊನೆಯ ಹೆಜ್ಜೆ ತಡವಾಗುತ್ತಿದೆ.

ರೋಸರ್ ಒಂದು ಮಾತು ಹೇಳಿದ್ದರು. ಕಡುಬಡತನದಲ್ಲಿರುವವರ ಸಂಖ್ಯೆ ನಿನ್ನೆಯಿಂದ 1,37,000 ಇಳಿದಿದೆ ಅನ್ನೋ ತಲೆಬರಹವನ್ನು ಪತ್ರಿಕೆಗಳು 25 ವರ್ಷ ದಿನಾ ಹಾಕಬಹುದಿತ್ತಂತೆ. ದಿನಾ ಆಗೋದು ಸುದ್ದಿ ಆಗಲ್ಲ, ನೋಡಿ. ಬಸ್ಸು ಪಲ್ಟಿ ಆದರೆ ಸುದ್ದಿ.

ಹಾಗಂತ ಇದು ಸುಮ್ನೆ ಸಮಾಧಾನ ಹೇಳುವ ಸೈಟ್ ಅಲ್ಲ. ಇಂಗಾಲದ ಹೊಗೆಯ ಗೆರೆ ಹತ್ತಿರುವುದನ್ನೂ ಮುಚ್ಚಿಡದೆ ತೋರಿಸುತ್ತದೆ. ಐದು ವರ್ಷದೊಳಗಿನ ಮಕ್ಕಳ ಸಾವು 1990ರಲ್ಲಿ 1.2 ಕೋಟಿಗೂ ಜಾಸ್ತಿ, 2022ರಲ್ಲಿ 49 ಲಕ್ಷ. ಖುಷಿ ಪಡುವ ಇಳಿಕೆಯೇ. ಆದರೂ ಭಾಗಿಸಿ ನೋಡಿದರೆ ದಿನಕ್ಕೆ 13 ಸಾವಿರಕ್ಕೂ ಹೆಚ್ಚು ಮಕ್ಕಳು. ನನಗೆ ಇಷ್ಟವಾಗಿದ್ದು ಇದೇ. ಎರಡೂ ಒಂದೇ ಪುಟದಲ್ಲಿ ಸಿಗುತ್ತವೆ, ಕಿರುಚಾಟವಿಲ್ಲದೆ. ಪ್ರತಿ ಗ್ರಾಫಿನ ಕೆಳಗೆ ಅಂಕಿ ಎಲ್ಲಿಂದ ತಂದರು ಅನ್ನೋದೂ ಇದೆ. ಆದರೆ ಗೆರೆ ತಾನಾಗೇ ಇಳಿದಂತೆ ಕಾಣುತ್ತದೆ. ಬಿಸಿಲಲ್ಲಿ ಚಪ್ಪಲಿ ಸವೆಸಿದವರು ಯಾರೂ ಅದರಲ್ಲಿ ಕಾಣುವುದಿಲ್ಲ. ಈ ಬೇಜಾರು ನನಗೆ ಮಾತ್ರ ಇರಬಹುದು.

ಒಂದು ಸ್ಟಾರ್ ಯಾಕೆ ಕಡಿಮೆ? ಎಲ್ಲಾ ಇಂಗ್ಲಿಷ್‌ನಲ್ಲಿದೆ. ಹೆಚ್ಚಿನ ಗ್ರಾಫುಗಳಲ್ಲಿ ಇಡೀ ಭಾರತಕ್ಕೆ ಒಂದೇ ಗೆರೆ. ಕೇರಳವೂ ಬಿಹಾರವೂ ಅದರಲ್ಲೇ ಕಲಸಿಹೋಗಿವೆ, ರಾಯಚೂರು ಬೇರೆ, ಮಂಗಳೂರು ಬೇರೆ ಅಂತ ತಿಳಿಯುವುದು ಹೇಗೆ?

ಫೋನು ಅಡ್ಡ ಹಿಡಿದು ನೋಡಿ, ಗೆರೆಗಳು ದೊಡ್ಡದಾಗಿ ಕಾಣುತ್ತವೆ. ಇನ್ನು ಮೇಷ್ಟ್ರುಗಳಿಗೆ ಒಂದು ಮಾತು. ಸೈಟಿನವರು ತಾವೇ ಮಾಡಿದ ಗ್ರಾಫುಗಳನ್ನು ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು. ಕನ್ನಡದಲ್ಲಿ ಬರೆದು ಕ್ಲಾಸಿನ ಗೋಡೆಗೆ ಅಂಟಿಸುವುದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ.